ಮಾಳಿಗೆಯ ಮೇಲಿನ ಇಂಗ್ಲಿಷ್

ಎಲ್ಲ ಸುರುವಾದದ್ದು ಒಂದು ಹಳೆಯ ಸೀರೆಯಿಂದ. ಬೆಳಿಗ್ಗೆ ಎಂಟಕ್ಕೆ ಎದುರುಮನೆಯ ಸುಹಾಸಿನಿ ಅದನ್ನು ಬಗಲಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು.

“ಸರ್, ನಿಮ್ಮ ಮಾಳಿಗಿ ಮ್ಯಾಲ ಶಾವಿಗಿ ಒಣಾ ಹಾಕ್ಲೇನ್ರಿ? ನಮ್ಮ ಓಣ್ಯಾಗ ಎಲ್ಲಾರ್ದೂ ಹಂಚಿನ ಮನಿ.”

ಬಸವಕಿರಣ ಧಾರವಾಡದಲ್ಲಿ ಇಂಗ್ಲಿಷ್ ಕ್ಲಾಸಿನ ಬೋರ್ಡು ಹಾಕಿ, ಆ ತೊಂಬತ್ತೆಂಟರ ಏಪ್ರಿಲ್‌ಗೆ ಒಂದು ತಿಂಗಳಾಗಿತ್ತು. ಬೋರ್ಡಿಗೆ ಧೂಳು ಬಂದಿತ್ತು, ಬಾಡಿಗೆಯ ಖೋಲಿಗೆ ಹುಡುಗರು ಬಂದಿರಲಿಲ್ಲ. ಮನೆಯೊಡತಿ ಶಿವಲಿಂಗವ್ವ ನಿನ್ನೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: “ನಾಳೆ ಸಂಜಿ ಐದಕ್ಕ ಹತ್ತು ಹುಡುಗ್ರು ಖೋಲ್ಯಾಗ ಕುಂತಿರಬೇಕು. ಇಲ್ಲಾಂದ್ರ ಟೇಲರ್ ಕಮರುದ್ದೀನಗ ಕೊಡ್ತೇನಿ. ಗ್ವಾಡಿಗೆ ಇಂಗ್ಲಿಷ್ ಕಲಿಸೋರು ನನಗ ಬ್ಯಾಡ್ರಿ.”

ಬಸವಕಿರಣ ಸೀರೆಯನ್ನು ನೋಡಿದ, ಬಿಸಿಲನ್ನು ನೋಡಿದ, ಕರಿಹಲಗೆಯ ಮೇಲೆ ತಾನೇ ಬರೆದಿದ್ದ ದಿನದ ನುಡಿಗಟ್ಟನ್ನು ನೋಡಿದ. ‘ಮೇಕ್ ಹೇ ವೈಲ್ ದ ಸನ್ ಶೈನ್ಸ್.’ ಮೈಯೊಳಗೆ ಕರೆಂಟು ಹರಿಯಿತು.

“ಹಾಕ್ರಿ. ಆದ್ರ ಮಗನ ಹೆಸರು ನನ್ನ ಕ್ಲಾಸಿಗೆ ಹಚ್ಚಬೇಕು. ಇದಕ್ಕ ಇಂಗ್ಲಿಷಿನ್ಯಾಗ ಮೇಕ್ ಹೇ ವೈಲ್ ದ ಸನ್ ಶೈನ್ಸ್ ಅಂತಾರ್ರಿ.”

“ಗಾಳಿ ಬಂದಾಗ ತೂರಿಕೋ ಅನ್ರಿ. ಅದಕ್ಯಾಕ ಇಂಗ್ಲಿಷು?” ಎಂದ ಸುಹಾಸಿನಿ ಮಗನ ಹೆಸರು ಬರೆಸಿಯೇ ಬಿಟ್ಟಳು.

ಅರ್ಧ ತಾಸಿನಲ್ಲಿ ಸುದ್ದಿ ಓಣಿಯೆಲ್ಲ ಹಬ್ಬಿತು. ಹೆಂಗಸರು ಬುಟ್ಟಿ ಹೊತ್ತು ಸಾಲುಗಟ್ಟಿದರು. ಬಸವಕಿರಣ ಸೀಮೆಸುಣ್ಣದಿಂದ ಮಾಳಿಗೆಯ ತುಂಬ ಚೌಕ ಎಳೆದ. ಒಬ್ಬ ಹುಡುಗನಿಗೆ ಒಂದು ಚೌಕ. ಮೂಲೆಮನೆಯ ಮಾಳವ್ವ ಮೂರು ಮಕ್ಕಳ ಹೆಸರು ಹೇಳಿ ಮೂರು ಚೌಕ ಹಿಡಿದಳು. ಸಾಲದೆ ನಾಲ್ಕನೆಯದರಲ್ಲೂ ಸೀರೆ ಹಾಸಿದಳು.

“ಅದಕ್ಕ ಹುಡುಗ ಎಲ್ಲಿ?”

“ತೊಟ್ಟಲದಾಗ ಐತ್ರಿ. ಇನ್ನಾ ಹೆಸರಿಟ್ಟಿಲ್ಲ.”

“ಮಾಳವ್ವನ ಮಗ” ಎಂದು ಅವನು ಬರೆದುಕೊಂಡ. ಕೂಸನ್ನು ಬಿಟ್ಟು ಎಣಿಸಿದರೂ ಹನ್ನೊಂದಾಯಿತು. ಹೆಂಗಸರು ಮನೆಗೆಲಸಕ್ಕೆ ಇಳಿದು ಹೋದರು, ಕಾಗೆಗಳು ಇಳಿದು ಬಂದವು. ಹನ್ನೊಂದು ಹೆಸರು ಉಳಿಯಬೇಕಾದರೆ ಶಾವಿಗೆ ಉಳಿಯಬೇಕಲ್ಲ? ಬಸವಕಿರಣ ತಲೆಗೆ ಒದ್ದೆ ಟವೆಲ್ ಸುತ್ತಿ, ಕೈಯಲ್ಲಿ ಸ್ಕೇಲು ಹಿಡಿದು, “ಗೆಟ್ ಔಟ್! ಗೆಟ್ ಔಟ್!” ಎನ್ನುತ್ತ ಊಟ ಬಿಟ್ಟು ಓಡಾಡಿದ. ಮುಖ ಒಲೆಯ ಮೇಲಿನ ರೊಟ್ಟಿಯ ಹಾಗೆ ಉಬ್ಬಿತು. ಆದರೂ ಖುಷಿಗೆ ಮಿತಿಯಿರಲಿಲ್ಲ. ಬೇಸಿಗೆ ಇನ್ನೂ ಎರಡು ತಿಂಗಳಿತ್ತು.

ಐದಕ್ಕೆ ಹತ್ತು ನಿಮಿಷವಿರುವಾಗ ಹನ್ನೊಂದೂ ಹುಡುಗರು ಮೆಟ್ಟಿಲು ಹತ್ತಿ ಬಂದರು. ತಲೆಗೆ ಎಣ್ಣೆ, ಮುಖಕ್ಕೆ ಪೌಡರು, ಇಸ್ತ್ರಿ ಅಂಗಿ, ಬೆನ್ನಿಗೆ ಚೀಲ. ಮೊದಲ ದಿನಕ್ಕೇ ಇಷ್ಟು ಶ್ರದ್ಧೆಯೇ ಎಂದು ಬಸವಕಿರಣನ ಕಣ್ಣು ತುಂಬಿ ಬಂತು.

ಹಿಂದೆಯೇ ಬಂದ ತಾಯಂದಿರು ಸರಸರ ಶಾವಿಗೆ ತುಂಬಿಕೊಂಡು ಸೀರೆ ಮಡಚಿದರು. ಒಬ್ಬೊಬ್ಬರೂ ಒಂದೊಂದು ಹಿಡಿಯನ್ನು ಅವನ ಅಂಗಿಯ ಉಡಿಗೆ ಹಾಕಿದರು.

“ಭಾಳ ಉಪಕಾರ ಆತ್ರಿ ಸರ್,” ಎಂದಳು ಸುಹಾಸಿನಿ. “ಎಂಥಾ ಬಿಸಲು! ಒಂದ ದಿನದಾಗ ಗರಿಗರಿ ಒಣಗ್ಯಾವ. ಒಯ್ಯೂ ಶಾವಿಗಿ ಒಣಗಿಲ್ಲಂತ ನಮ್ಮೆಲ್ಲಾರ್ದೂ ತವರಿಗೆ ಹೋಗೂದು ತಡ ಆಗಿತ್ತು. ನಡಿಯೋ, ಅಮ್ಮಿನಬಾವಿ ಬಸ್ಸು ತಪ್ಪತೈತಿ.”

“ಕ್ಲಾಸು?”

“ಸಾಲಿ ಸುರು ಆದಮ್ಯಾಲೆ ಬರ್ತಾರ್ರಿ. ಹೆಸರು ಹ್ಯಾಂಗೂ ಹಚ್ಚೀವಲ್ಲ.”

ಖಾನಾವಳಿಯಲ್ಲಿ ಉಣ್ಣುವ ಬ್ರಹ್ಮಚಾರಿ ಬಸವಕಿರಣ ಶಾವಿಗೆ ಬೇಸಿಗೆಯುದ್ದಕ್ಕೂ ಒಣಗುತ್ತದೆಂದು ನಂಬಿದ್ದ. ಒಬ್ಬೊಬ್ಬಳೂ ತನ್ನ ತನ್ನ ತವರಿನ ಬಸ್ಸು ಹಿಡಿಯಲು ಮೆಟ್ಟಿಲಿಳಿದಳು. ಮಾಳವ್ವ ಕೂಸನ್ನೂ ಎತ್ತಿಕೊಂಡು ಹೋದಳು.

ಸರಿಯಾಗಿ ಐದಕ್ಕೆ ಶಿವಲಿಂಗವ್ವ ಮೇಲೆ ಬಂದಳು. ಅವಳ ಹಿಂದೆ ಕಮರುದ್ದೀನ ಹೊಲಿಗೆ ಮಷೀನು ಹೊತ್ತು ಏದುಸಿರು ಬಿಡುತ್ತಿದ್ದ. ಶಿವಲಿಂಗವ್ವ ಖಾಲಿ ಖೋಲಿಯನ್ನು ನೋಡಿದಳು, ಆಮೇಲೆ ಬಸವಕಿರಣನ ತುಂಬಿದ ಉಡಿಯನ್ನು ನೋಡಿದಳು.

“ಇದನ್ನ ಹೊತಗೊಂಡು ಎಲ್ಲಿ ಖೋಲಿ ಹುಡುಕ್ತೀರಿ ಸರ್?” ಎಂದು ಮರುಕದಿಂದ ಸೆರಗೊಡ್ಡಿದಳು. “ಇಲ್ಲೆ ಹಾಕ್ರಿ. ಈ ವರ್ಷ ನಾ ಶಾವಿಗಿ ಮಾಡಿಲ್ಲ.”