ಕೂಸೊಂದನ್ನು ಬಿಟ್ಟು ಎಲ್ಲರೂ ತಯಾರು

ನೋಡಿ, ಮತ್ತೆ ಬೆಲ್. ನಾನು ಪೆನ್ನು ಹಿಡಿದರೆ ಈ ಮನೆಯ ಬಾಗಿಲಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಕೆಳಗಿನ ಮನೆಯ ತೆಲುಗು ಆಂಟಿ ಬಂದಿದ್ದರು. "ಪಾಪಕಿ ಪಾಲು ಎಪ್ಪುಡು ಮಾನ್ಪಿಸ್ತಾವಮ್ಮಾ?" ಮಗಳಿಗೆ ಹಾಲು ಯಾವಾಗ ಬಿಡಿಸುತ್ತೀ ಎಂದು ವಿಚಾರಣೆ. ಹೋದ ವರ್ಷ ಇದೇ ಹೊಸ್ತಿಲ ಮೇಲೆ ನಿಂತು ಅನ್ನ ಯಾವಾಗ ಶುರು ಮಾಡುತ್ತೀ ಎಂದು ಕೇಳಿದವರೂ ಇವರೇ. ನಮ್ಮ ಕೊಂಡಾಪುರದ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಕೆಟ್ಟು ನಿಂತರೆ ಯಾರೂ ಕೇಳುವುದಿಲ್ಲ, ಕೂಸು ಆಕಳಿಸಿದರೆ ಮಾತ್ರ ನಾಲ್ಕು ಮನೆಯವರು ಬಂದು ಅದಕ್ಕೆ ಹಸಿವೆ ಎನ್ನುತ್ತಾರೆ.

ಆಗ ನಾನು ಒಂದೇ ಒಂದು ಹಟ ಹಿಡಿದಿದ್ದೆ. ಮನೆಗೆ ಯಾವ ಫ್ರಿಜ್ಜು, ಯಾವ ಪರದೆ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಹತ್ತನೇ ಕ್ಲಾಸಿಗೇ ಓದು ನಿಲ್ಲಿಸಿದವಳನ್ನು ಕೇಳುವುದೇನು? ಇರಲಿ. ಆದರೆ ನನ್ನ ಮಗಳು ಮೊದಲ ತುತ್ತು ಯಾವಾಗ ತಿನ್ನಬೇಕು ಎಂಬುದನ್ನು ನಾನೇ ಹೇಳುತ್ತೇನೆ. ಕತ್ತು ಗಟ್ಟಿಯಾಗಬೇಕು, ಆಸರೆ ಕೊಟ್ಟರೆ ಕೂರಬೇಕು, ನಮ್ಮ ತಟ್ಟೆಗೆ ತಾನಾಗಿ ಕೈ ಚಾಚಬೇಕು. ಅಲ್ಲಿಯವರೆಗೆ ನನ್ನ ಹಾಲು ಬಿಟ್ಟು ಅವಳ ಬಾಯಿಗೆ ಏನೂ ಹೋಗಕೂಡದು.

ಉಗ್ಗಿನ ಆಂಟಿ

ಕೂಸಿಗೆ ನಾಲ್ಕು ತಿಂಗಳು. ಆಂಟಿ ಒಂದು ಡಬ್ಬಿ ತುಂಬ ಉಗ್ಗಿನ ಪುಡಿ ತಂದರು. ಕೂಸಿನ ಗಂಜಿಗೆಂದು ಅಕ್ಕಿ, ಬೇಳೆ ಹುರಿದು ಬೀಸಿದ್ದು, ಘಮ್ಮೆನ್ನುತ್ತಿತ್ತು. ನಿಜ ಹೇಳಬೇಕೆಂದರೆ ನನಗೇ ತಿನ್ನಬೇಕು ಎನಿಸಿತು.

"ನೋಡಮ್ಮಾ, ಮುಷ್ಟಿ ಚೀಪುತ್ತಿದೆ. ಹಸಿವೆ ಅದು."

"ಆಂಟಿ, ನಿನ್ನೆ ಸೊಳ್ಳೆಪರದೆ ಚೀಪಿದಳು. ಅದನ್ನೂ ಕುದಿಸಿ ಕೊಡಲೇ?"

"ನಗಬೇಡ. ನನ್ನ ಮಗನಿಗೆ ಮೂರನೇ ತಿಂಗಳಿಗೇ ಕೊಟ್ಟೆ. ಈಗ ಬಂದು ನೋಡು, ಹೇಗಿದ್ದಾನೆ!"

ನೋಡೋಣವೆಂದು ಮರುದಿನ ಬೆಳಿಗ್ಗೆ ಡಬ್ಬಿ ವಾಪಸು ಕೊಡುವ ನೆಪದಲ್ಲಿ ಹೋದೆ. ಮಗರಾಯ ಸಾಫ್ಟ್‌ವೇರ್ ಕಂಪನಿಯ ಬಸ್ಸಿಗೆ ಹೊರಟಿದ್ದ. ಕುರ್ಚಿಯ ಮೇಲೆ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾನೆ, ಆಂಟಿ ಪಕ್ಕದಲ್ಲಿ ನಿಂತು ಬೇಳೆಯ ಪಪ್ಪು ಅನ್ನ ಕಲಸಿ ಅವನ ಬಾಯಿಗೆ ತುತ್ತು ಇಡುತ್ತಿದ್ದಾರೆ. ಎದೆಯವರೆಗೆ ಗಡ್ಡವೊಂದು ಬಂದಿಲ್ಲ ಅಷ್ಟೆ. ಬಾಯಿ ಒರೆಸಿದ್ದೂ ಅವರೇ.

"ಬೇಗ ಶುರು ಮಾಡಿದ್ದು ಒಳ್ಳೆಯದೇ ಆಂಟಿ," ಎಂದೆ, "ನಿಲ್ಲಿಸುವುದು ಯಾವಾಗ?"

ಟೆಸ್ಟಿಂಗ್

ನಮ್ಮ ಮನೆಯವರಿಗೆ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿದರೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಪುಕ್ಕಟೆ ಮಾಡುತ್ತಾರೆ.

ಒಂದು ಭಾನುವಾರ ಕೂಸಿನ ಮುಂದೆ ಖಾಲಿ ಚಮಚ ಹಿಡಿದು ಕೂತರು. ಕೂಸು ಬಾಯಿ ತೆರೆಯಿತು.

"ನೋಡು, ರೆಡಿ ಅದಾಳ! ನೀ ಸುಮ್ನ ತಡಾ ಮಾಡಾಕತ್ತೀ."

ನಾನು ಕೂಸಿನ ಮುಂದೆ ಅವರ ಮೊಬೈಲು ಹಿಡಿದೆ. ಕೂಸು ಬಾಯಿ ತೆರೆಯಿತು. ಸ್ಕೂಟರಿನ ಕೀಲಿ ಹಿಡಿದೆ. ತೆರೆಯಿತು. ಕೊನೆಗೆ ಅವರ ಆಫೀಸಿನ ಬೂಟು ಎತ್ತಿಕೊಂಡು ಬಂದೆ. ದೂರದಿಂದಲೇ ಇಷ್ಟಗಲ ಬಾಯಿ ತೆರೆದು ಕೈಕಾಲು ಬಡಿಯಿತು.

"ಏನ್ರೀ, ನಿಮ್ಮ ಟೆಸ್ಟಿನ ಪ್ರಕಾರ ಮೊದಲ ತುತ್ತು ಬೂಟಿಂದಽ. ಎಡಗಾಲಿಂದು ಬೇಯಿಸ್ಲೋ, ಬಲಗಾಲಿಂದೋ?"

ಹೆಣ್ಣಿಗೆ ಬೆಸ, ಗಂಡಿಗೆ ಸಮ

ಐದನೇ ತಿಂಗಳಿಗೆ ಊರಿನ ಇನ್ನೊಂದು ತುದಿಯ ತಾರ್ನಾಕದಿಂದ ನಮ್ಮ ಅತ್ತೆ ಬಂದಿಳಿದರು. ಬಂದವರು ಮಾಡಿದ ಉಪಕಾರವನ್ನು ಮರೆಯಬಾರದು. ದಿನಾ ಮಧ್ಯಾಹ್ನ ಕೂಸನ್ನು ಬಾಲ್ಕನಿಗೆ ಎತ್ತಿಕೊಂಡು ಹೋಗುತ್ತಿದ್ದರು, ಅದು ತುಟಿಪಿಟಕ್ಕೆನ್ನದೆ ಇರುತ್ತಿತ್ತು, ನಾನು ಒಂದು ನಿದ್ದೆ ತೆಗೆಯುತ್ತಿದ್ದೆ. ಒಳಗೆ ಬಂದಾಗ ಅವರ ಸೆರಗಿನ ತುದಿ ಮಾತ್ರ ಒದ್ದೆಯಾಗಿರುತ್ತಿತ್ತು.

"ಅತ್ತ್ಯಾರ, ಸೆರಗು ಯಾಕ್ರಿ ತೊಯ್ದೈತಿ?"

"ಜೊಲ್ಲು ಸುರಸ್ತದವಾ. ಹಲ್ಲು ಬರಾಕತ್ತಾವ."

ಒಣಹಾಕಿದ ಬಟ್ಟೆಯಲ್ಲಿ ಅವರ ಸೀರೆಯೊಂದಕ್ಕೇ ಇರುವೆ ಸಾಲು ಹತ್ತುತ್ತಿತ್ತು. ಕೇಳಿದರೆ, "ನಿಮ್ಮ ಕೊಂಡಾಪುರದ ಇರುವಿಗೆ ನನ್ನ ಸೀರಿ ಭಾಳ ಪಸಂದ ಬಂದೈತಿ ನೋಡು," ಎಂದರು.

ಅವರದು ಒಂದೇ ವಾದ. ಹೆಣ್ಣುಕೂಸಿಗೆ ಬೆಸ ತಿಂಗಳಲ್ಲಿ ಅನ್ನ ತಿನ್ನಿಸಬೇಕು, ಈಗ ಐದು ನಡೆದಿದೆ, ಈಗಲೇ ಆಗಲಿ. ನಾನು ಒಪ್ಪಲಿಲ್ಲ. "ಹತ್ತನೇ ಕ್ಲಾಸ ಕಲಿತಾಕಿ ನನಗ ಕಲಿಸ್ತಾಳ," ಎಂದು ಗೋಡೆಗೆ ಹೇಳಿದರು. ಕೊನೆಗೆ ಕೂಸನ್ನೆತ್ತಿಕೊಂಡು ಮೂವರೂ ಡಾಕ್ಟರ ಹತ್ತಿರ ಹೋದೆವು: ಅತ್ತೆ, ನಾನು, ವಿವಾದ.

ಡಾಕ್ಟರು ಶಾಂತವಾಗಿ, "ಛೇ ಮಹೀನೆ ಪೂರೇ ಹೋನೆ ದೋ, ಅಮ್ಮಾ," ಎಂದರು. ಆರು ತಿಂಗಳು ತುಂಬಲಿ ಎಂದು.

ಆರು ಬೇಡವೇ ಬೇಡ, ಹೆಣ್ಣುಕೂಸು ಎಂದು ಅತ್ತೆ ಹೌಹಾರಿದರು. "ಛೇ ನಕ್ಕೋ ಡಾಕ್ಟರ್ ಸಾಬ್! ಲಡ್ಕೀ ಹೈ!"

"ಹುಡುಗಿಯಾದರೇನು? ಹೊಟ್ಟೆ ಒಂದೇ."

"ಪಾಂಚ್ ಬೋಲೋ, ನೈ ತೋ ಸಾತ್ ಬೋಲೋ. ಛೇ ನಕ್ಕೋ!"

ಐದು ಹೇಳಿ, ಇಲ್ಲ ಏಳು ಹೇಳಿ ಎಂದು ಸಂತೆಯಲ್ಲಿ ಬದನೆಕಾಯಿ ಚೌಕಾಸಿ ಮಾಡಿದಂತೆ ನಡೆಯಿತು. ಹೊರಗೆ ಮಕ್ಕಳ ಸಾಲು ಬೆಳೆಯುತ್ತಿತ್ತು. ನಾನು ಮೆಲ್ಲಗೆ ಬಾಯಿ ಹಾಕಿದೆ.

"ಅತ್ತ್ಯಾರ, ನೀವು ನನ್ನ ನೋಡಾಕ ಬಂದಾಗ ನಮ್ಮವ್ವ ಹತ್ತೊಂಬತ್ತು ತುಂಬ್ಯಾವ ಅಂದ್ಲು. ನೀವು, ಹಂಗಾರ ಇಪ್ಪತ್ತರಾಗ ಬಿದ್ದಾಳ, ವಯಸ್ಸು ಜಾಸ್ತಿ ಆತು ಅಂದಿರಿ. ನೆನಪೈತೇನ್ರಿ?"

"ಐತಿ. ಅದಕ್ಕೇನೀಗ?"

"ಹಂಗಾರ ಕೂಸಿಗೆ ಆರು ತುಂಬಿದ್ರ ಏಳರಾಗ ಬಿದ್ದಂಗ ಅಲ್ಲೇನ್ರಿ?"

ಅತ್ತೆ ಬೆರಳು ಮಡಿಸಿ ಎಣಿಸಿದರು. ಆಮೇಲೆ ಡಾಕ್ಟರ ಕಡೆ ತಿರುಗಿ ಗೆದ್ದ ದನಿಯಲ್ಲಿ, "ಮೈ ಭೀ ವಹೀಚ್ ಬೋಲೀ, ಸಾತ್!" ಎಂದರು, ನಾನೂ ಅದನ್ನೇ ಹೇಳಿದ್ದು, ಏಳು ಎಂದು. ಡಾಕ್ಟರು, "ಮೈನೆ ಭೀ ವಹೀ ಬೋಲಾ, ಛೇ," ಎಂದರು, ತಾವು ಹೇಳಿದ್ದೂ ಅದೇ ಆರು ಎಂದು. ಇಬ್ಬರೂ ನಕ್ಕು ಎದ್ದರು. ಕೂಸು ಮಾತ್ರ ಡಾಕ್ಟರ ಕೊರಳಿನ ಸ್ಟೆತಾಸ್ಕೋಪ್ ಬಿಡಲಿಲ್ಲ. ಅದರ ರುಚಿ ನೋಡಿ ಮುಗಿದಿರಲಿಲ್ಲ.

ಗಂಟು

ಆರು ತುಂಬಿತು. ಮಗಳು ದಿಂಬಿಗೆ ಒರಗಿ ಕೂರುತ್ತಿದ್ದಳು, ನನ್ನ ತಟ್ಟೆಯ ರೊಟ್ಟಿಗೆ ಕೈ ಹಾಕಿ ಒಂದು ಸಲ ಮುರಿದೂ ಬಿಟ್ಟಳು. "ಈಗ ಆಗಲಿ," ಎಂದೆ. ಎಲ್ಲರೂ ನನ್ನ ಬಾಯಿಂದ ಆ ಮಾತು ಬರಲಿ ಎಂದೇ ಕಾಯುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು. ಆರು ತಿಂಗಳು ಒಂದು ಅಗುಳೂ ಮುಟ್ಟದ ಬಾಯಿ! ಬಂದವರಿಗೆಲ್ಲ ಅದನ್ನೇ ಹೇಳಿದೆ.

ಆಂಟಿ ತಮ್ಮ ಕಡೆಯ ಪದ್ಧತಿ ಮಾಡಿಯೇ ತೀರಬೇಕು ಎಂದರು. ಕೂಸಿನ ಮುಂದೆ ವಸ್ತುಗಳನ್ನು ಇಡುತ್ತಾರೆ, ಅದು ಯಾವುದನ್ನು ಹಿಡಿಯುತ್ತದೋ ದೊಡ್ಡದಾದ ಮೇಲೆ ಅದರಂತೆ ಆಗುತ್ತದಂತೆ. ಪುಸ್ತಕ, ಪೆನ್ನು, ಬಂಗಾರದ ಉಂಗುರ, ಅನ್ನದ ಬಟ್ಟಲು ಸಾಲಾಗಿ ಬಂದವು. ನಮ್ಮ ಮನೆಯವರು ಕಂಪ್ಯೂಟರಿನ ಮೌಸ್ ತಂದು ನಟ್ಟನಡುವೆ ಇಟ್ಟು, ಉಳಿದವನ್ನು ಕಾಲಿನಿಂದ ಸ್ವಲ್ಪ ದೂರ ಸರಿಸಿದರು.

ಎಲ್ಲರೂ ಉಸಿರು ಬಿಗಿಹಿಡಿದೆವು. ಮಗಳು ಪುಸ್ತಕ ನೋಡಿದಳು. ಉಂಗುರ ನೋಡಿದಳು. ಮೌಸಿನ ಬಾಲವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಲ್ಲಕ್ಕೂ ಬೆನ್ನು ಹಾಕಿ ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಕಡೆ ವಾಲಿ, ಅವರ ಸೆರಗಿನ ತುದಿಯ ಗಂಟನ್ನು ಗಬಕ್ಕನೆ ಹಿಡಿದು ಬಾಯಿಗಿಟ್ಟು, ಕಣ್ಣು ಮುಚ್ಚಿ ಚೀಪತೊಡಗಿದಳು. ಪಳಗಿದ ಬಾಯಿ ಅದು. ಹುಡುಕಾಟವೇ ಇಲ್ಲ.

ನಾನು ಗಂಟು ಬಿಚ್ಚಿದೆ. ಒಳಗೆ ಕಲ್ಲುಸಕ್ಕರೆ.

"ಅವ್ವಾ!" ಎಂದರು ನಮ್ಮ ಮನೆಯವರು.

"ಏನೋ ಅವ್ವಾ? ಅನ್ನ ಕೊಡಬ್ಯಾಡ್ರಿ ಅಂದ್ಲು, ಕೊಟ್ಟಿಲ್ಲ. ಸಕ್ಕರಿ ಅಂದ್ರ ಅನ್ನ ಏನು? ನಿನ್ನೂ ಹಿಂಗಽ ಬೆಳಿಸೀನಿ."

ಸಿಟ್ಟು ಬರಬೇಕಾಗಿತ್ತು. ಆದರೆ ಮಧ್ಯಾಹ್ನದ ಆ ನಿದ್ದೆಗಳೆಲ್ಲ ನೆನಪಾಗಿ ನಗು ಬಂದುಬಿಟ್ಟಿತು. ಸೆರಗು ಕಿತ್ತುಕೊಂಡು, ಮೆತ್ತಗೆ ಹಿಸುಕಿದ ಅನ್ನವನ್ನು ಬೆರಳ ತುದಿಯಲ್ಲಿ ಇಟ್ಟೆ. ಮಗಳು ಮುಖ ಹುಳ್ಳಗೆ ಮಾಡಿದಳು, ಯೋಚಿಸಿದಳು, ನುಂಗಿದಳು. ಮತ್ತೆ ಬಾಯಿ ತೆರೆದಳು. ಈ ಸಲ ಬೂಟು ಎಲ್ಲೂ ಕಾಣುತ್ತಿರಲಿಲ್ಲ, ನನ್ನ ಕೈ ಮಾತ್ರ ಇತ್ತು.

ಎಲ್ಲರೂ ಚಪ್ಪಾಳೆ ತಟ್ಟುವಾಗ ಆಂಟಿ ಮಾತ್ರ ಕೆನ್ನೆಗೆ ಕೈ ಕೊಟ್ಟು ಕೂತಿದ್ದರು. ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಪೆನ್ನು ಹಿಡಿದರೆ ವಿದ್ಯೆ, ಉಂಗುರ ಹಿಡಿದರೆ ಸಂಪತ್ತು. ಅಜ್ಜಿಯ ಸೆರಗಿನ ಗಂಟು ಹಿಡಿದವಳು ಮುಂದೆ ಏನಾಗುತ್ತಾಳಮ್ಮಾ?"