ಇಎಸ್ಆರ್ ಯಂತ್ರ ಮತ್ತು ಬಡಗಿಯ ವೀಸಾ

ಯಂತ್ರದ ಆರೋಗ್ಯ ವಿಚಾರಿಸಲು ದಿನಕ್ಕೆ ನಾಲ್ಕು ಜನ ಬಂದು, ಅದನ್ನು ನಡೆಸುವವನ ಊಟವಾಯಿತೇ ಎಂದು ಒಬ್ಬನೂ ಕೇಳದ ಕಡೆ ಇಂಥವು ಆಗುತ್ತಲೇ ಇರುತ್ತವೆ.

ಆರು ಬ್ಯಾಚುಲರ್‌ಗಳು

ಏಷ್ಯನ್ ಗೇಮ್ಸ್‌ಗಾಗಿ ದೋಹಾವನ್ನೆಲ್ಲ ಅಗೆಯುತ್ತಿದ್ದ ಕಾಲ. ಇಂಡಸ್ಟ್ರಿಯಲ್ ಏರಿಯಾದ ಖಾಸಗಿ ಲ್ಯಾಬೊಂದರಲ್ಲಿ ನಾನು ಇಎಸ್ಆರ್ ಯಂತ್ರ ನಡೆಸುತ್ತಿದ್ದೆ. ಅಣುವಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಇದ್ದರೆ ಅದನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟು ಪತ್ತೆ ಹಚ್ಚುವ ಯಂತ್ರ ಅದು. ಜೋಡಿಯಾಗಿರುವವು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ನಾನು ಎಂಎಸ್ಸಿ ಮಾಡಿದವನು. ಕಂಪನಿಯಲ್ಲಿ ಬಡಗಿಯ ವೀಸಾ ಒಂದೇ ಉಳಿದಿದ್ದರಿಂದ ಕಾಗದದ ಮೇಲೆ ಬಡಗಿ. ಬಡಗಿಗೆ ಫ್ಯಾಮಿಲಿ ವೀಸಾ ಇಲ್ಲ. ಹೆಂಡತಿಯನ್ನು ಊರಲ್ಲಿ ಬಿಟ್ಟು ನಾಲ್ಕು ವರ್ಷವಾಗಿತ್ತು. ನಜ್ಮಾ ಬಡಾವಣೆಯ ನಮ್ಮ ರೂಮಿನಲ್ಲಿ ಆರು ಜನ ಬ್ಯಾಚುಲರ್‌ಗಳಿದ್ದೆವು. ಆರೂ ಜನಕ್ಕೆ ಮದುವೆಯಾಗಿತ್ತು.

ಸುಟ್ಟ ಖುಬ್ಬೂಸ್

ಒಂದು ದಿನ ದೊಡ್ಡ ಮನುಷ್ಯರು ಯಂತ್ರ ನೋಡಲು ಬಂದರು. ಒಳಗಿದ್ದ ಸ್ಯಾಂಪಲ್‌ನಲ್ಲಿ ಒಂಟಿ ಎಲೆಕ್ಟ್ರಾನ್ ಇರಲಿಲ್ಲ, ಪರದೆಯ ಮೇಲೆ ಗೆರೆ ನೇರವಾಗಿ ಮಲಗಿತ್ತು. ಲ್ಯಾಬಿನ ಮುಖ್ಯಸ್ಥರು ನನ್ನ ಕಿವಿಯಲ್ಲಿ, ಏನಾದರೂ ತೋರಿಸಿ ಮಾನ ಉಳಿಸು ಎಂದರು. ಪ್ಯಾಂಟ್ರಿಯಲ್ಲಿ ಯಾರೋ ಸುಟ್ಟು ಕರಕಲು ಮಾಡಿದ್ದ ಖುಬ್ಬೂಸ್ ರೊಟ್ಟಿ ಬಿದ್ದಿತ್ತು. ಅದರ ಮಸಿ ಕೆರೆದು ನಳಿಕೆಗೆ ತುಂಬಿದೆ. ಸುಟ್ಟ ಇಂಗಾಲದಲ್ಲಿ ಒಂಟಿ ಎಲೆಕ್ಟ್ರಾನ್‌ಗಳಿಗೆ ಬರವಿಲ್ಲ. ಗೆರೆ ಎದ್ದು ಕುಣಿಯಿತು. ಮುಖ್ಯಸ್ಥರು ಅದರ ಮೇಲೆ ಅರ್ಧ ಗಂಟೆ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರು.

ಆ ಖುಷಿಯಲ್ಲಿ, ನನ್ನ ವೀಸಾವನ್ನು ಟೆಕ್ನಿಷಿಯನ್ ಎಂದು ಬದಲಿಸುವ ಅರ್ಜಿಗೆ ಸಹಿ ಹಾಕಿದರು. ಟೆಕ್ನಿಷಿಯನ್ ಆದರೆ ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು. ನನ್ನ ಎಂಎಸ್ಸಿಗೆ ಸಿಗದಿದ್ದ ಸಹಿ ಸುಟ್ಟ ಖುಬ್ಬೂಸಿಗೆ ಸಿಕ್ಕಿತು.

ಸುತ್ತಿಗೆ

ಅರ್ಜಿಯ ವಿಚಾರಣೆಗೆ ಅಧಿಕಾರಿ ಬಂದರು. ಅವರು ಬಾಗಿಲಿಗೆ ಬಂದ ಮೇಲೆ ಮುಖ್ಯಸ್ಥರಿಗೆ ಹೊಳೆಯಿತು: ಬಡಗಿಯ ಕೈಲಿ ಬೇರೆ ಕೆಲಸ ಮಾಡಿಸಿದ್ದಕ್ಕೆ ದಂಡ ಬೀಳಬಹುದು. ಓಡಿ ಬಂದು ನನ್ನ ಕೈಗೆ ಸುತ್ತಿಗೆ ತುರುಕಿ, "ಯಲ್ಲಾ, ಬೇಗ, ಏನಾದರೂ ಬಡಿ" ಎಂದರು.

ಅಯಸ್ಕಾಂತ ಚಾಲೂ ಇದೆ ಎಂದು ಹೇಳುವಷ್ಟರಲ್ಲಿ ಸುತ್ತಿಗೆ ನನ್ನ ಕೈಬಿಟ್ಟು ಹೋಗಿ ಯಂತ್ರಕ್ಕೆ ಕಚ್ಚಿಕೊಂಡಿತು. ಮುಖ್ಯಸ್ಥರೂ ಇಬ್ಬರು ಪಿಎಚ್‌ಡಿಗಳೂ ಜಗ್ಗಿದರು. ಅಲುಗಲಿಲ್ಲ. ಕೊನೆಗೆ ನಾನು ನಾಬ್ ತಿರುಗಿಸಿ ಅಯಸ್ಕಾಂತವನ್ನು ಸೊನ್ನೆಗೆ ತಂದೆ. ಸುತ್ತಿಗೆ ತಾನಾಗಿ ನನ್ನ ಅಂಗೈಗೆ ಬಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಧಿಕಾರಿಗೆ ಬಹಳ ಮೆಚ್ಚುಗೆಯಾಯಿತು. ಇಷ್ಟು ಜನರಲ್ಲಿ ಸುತ್ತಿಗೆ ಹಿಡಿಯಲು ಬರುವುದು ಇವನೊಬ್ಬನಿಗೇ ಎಂದು ಹೇಳಿ, ಬಡಗಿ ಎಂದೇ ಖಾತ್ರಿಪಡಿಸಿ ಹೋದರು. ಖಲಾಸ್.

ಫೋನಿನಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ನನಗೆ ಅಳು ಬರುವಂತಿತ್ತು.

"ಸರಿ ಮಾರಾಯ್ರೆ, ಊರಿಗೆ ಬರುವಾಗ ಒಂದು ಮಂಚ ಮಾಡಿಕೊಂಡು ಬನ್ನಿ," ಎಂದಳು. "ಒಬ್ಬರು ಮಲಗುವಷ್ಟು ಸಾಕು."