ಸಮುದ್ರದ ಒಗೆಯೋ ಕಲ್ಲು

ಶಬ್ಬೀರ್ ಮೇಷ್ಟ್ರು ಮಾಡಿದ ತಪ್ಪು ಇಷ್ಟೇ: ಬಾದಾಮಿಯಿಂದ ತಂದ ಕಲ್ಲನ್ನು ವಠಾರದ ನಲ್ಲಿಯ ಪಕ್ಕ ಒರಗಿಸಿಟ್ಟದ್ದು.

ಅವರು ಹರಿಹರದ ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ಹಂಗಾಮಿ ಮೇಷ್ಟ್ರು. ವಾಸ ದಾವಣಗೆರೆಯ ಹಳೇಪೇಟೆಯ ವಠಾರದಲ್ಲಿ. ಕಲ್ಲು ಹುಡುಗರ ಟೂರಿನಲ್ಲಿ ಸಿಕ್ಕಿದ ಮರಳುಗಲ್ಲಿನ ಚಪ್ಪಡಿ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ಅಲೆ ದಡದ ಮರಳಿನ ಮೇಲೆ ಎಳೆದ ಗೆರೆಗಳು ಅದರ ಮೈತುಂಬ ಹಾಗೇ ಕಲ್ಲಾಗಿದ್ದವು. ಕಾಲೇಜಿನಲ್ಲಿ ಗೋಡೆಗೆ ಸುಣ್ಣ ಬಳಿಯುತ್ತಿದ್ದುದರಿಂದ ಅದು ಮನೆಗೆ ಬಂತು. ಮರುದಿನ ಮೇಷ್ಟ್ರು ಎದ್ದು ನೋಡಿದರೆ ಕಲ್ಲು ಇಟ್ಟಿಗೆಗಳ ಮೇಲೆ ಮಲಗಿದೆ, ಕಲ್ಲಿನ ಮೇಲೆ ಪಕ್ಕದ ಮನೆಯ ಹಜೀರಾಬಿಯ ಗಂಡನ ಪೈಜಾಮ ಮಲಗಿದೆ! ಆ ಗೆರೆಗಳಿಗೆ ಉಜ್ಜಿದರೆ ಎಂಥ ಕೊಳೆಯೂ ಬಿಡುತ್ತದೆ ಎಂಬ ಸುದ್ದಿ ಹಬ್ಬಿ, ವಾರದೊಳಗೆ ಹಿಂದಿನ ಬೀದಿಯವರೂ ಬುಟ್ಟಿ ಹೊತ್ತು ಬರತೊಡಗಿದರು. ಬೇಡ ಎನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಪಾಪ, ಅವರಿಗೆ ಎಂದೂ ಬಂದಿರಲಿಲ್ಲ.

ಇವತ್ತು ಮಾತ್ರ ಬರಲೇಬೇಕಿತ್ತು. ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ವಾಮದೇವಪ್ಪನವರು ಕಾಲೇಜು ನೋಡಲು ಬರುವವರಿದ್ದರು. ಅವರು ಮೆಚ್ಚಿ ಬರೆದರೆ ಮೇಷ್ಟ್ರ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ.

"ಚಾಚಿ, ಇವತ್ತು ಕಲ್ಲು ಬೇಕ್ರಿ. ಪ್ರೊಫೆಸರ್ ನೋಡಾಕೆ ಬರ್ತಾರೆ," ಎಂದರು ಮೇಷ್ಟ್ರು, ನಲ್ಲಿಯ ಹತ್ತಿರ ಒಗೆಯುತ್ತಿದ್ದ ಹಜೀರಾಬಿಗೆ.

"ಹೆಣ್ಣು ನೋಡಾಕೆ ಬರ್ತಾರೆ ಅಂದ್ರೆ ಕೇಳೀವಿ. ಕಲ್ಲು ನೋಡಾಕೂ ಬರ್ತಾರಾ?" ಎದುರು ಮನೆಯ ಹುಲಿಗೆಮ್ಮ ನಕ್ಕಳು. "ನನ್ನ ಬುಟ್ಟಿ ಇನ್ನಾ ಮುಟ್ಟೇ ಇಲ್ಲ ಮೇಷ್ಟ್ರೆ."

"ಇದು ಒಗೆಯೋ ಕಲ್ಲಲ್ಲ ತಾಯಿ, ಸಮುದ್ರದ ಚರಿತ್ರೆ! ದಡದಾಗೆ ಮರಳು ಕೂಡ್ತೈತೆ. ನೀರು ಏರಿ ದಡ ದೂರ ಸರಿದ್ರೆ ಅಲ್ಲಿಗೆ ಮರಳು ಬರಾಕಿಲ್ಲ, ತಿಳಿನೀರಾಗೆ ಸುಣ್ಣದ ಕೆಸರು ಕೂಡ್ತೈತೆ. ನೀರು ಇಳಿದ್ರೆ ಮತ್ತೆ ಮರಳು. ಹಿಂಗೆ ಮರಳುಗಲ್ಲು, ಸುಣ್ಣಕಲ್ಲು, ಪದರದ ಮ್ಯಾಲೆ ಪದರ."

"ನಮ್ಮ ನಲ್ಲಿ ಇದ್ದಂಗೆ ಅನ್ನು," ಎಂದಳು ಹಜೀರಾಬಿ. "ಮನಸು ಬಂದಾಗ ಬರ್ತೈತೆ, ಹೋಗ್ತೈತೆ. ಹೋಗೋದ್ರೊಳಗೆ ಒಗ್ಕೋಬೇಕು. ನೀನೂ ಕೈ ಹಚ್ಚು ಬೇಟಾ, ಬೇಗ ಮುಗೀತೈತೆ."

ಮೇಷ್ಟ್ರು ಪ್ಯಾಂಟು ಮಡಿಚಿ ಕೂತರು. ಬೇಗ ಮುಗಿಯಲೆಂದು ಬಟ್ಟೆ ಸೋಡಾದ ಪೊಟ್ಟಣವನ್ನೇ ಕಲ್ಲಿನ ಮೇಲೆ ಸುರಿದು, ಹುಲಿಗೆಮ್ಮನ ಕೌದಿಯನ್ನು ಹೊಡೆದೇ ಹೊಡೆದರು. ಕೊನೆಗೆ ಕಲ್ಲು ತೊಳೆಯಲು ನಲ್ಲಿ ತಿರುವಿದರೆ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಹಜೀರಾಬಿಯ ಗಂಡ ಮಸ್ತಾನಸಾಬ್ ಕೈಜೋಡಿಸಿದ್ದರಿಂದ ಕಲ್ಲು ಹರಿಹರದ ಬಸ್ಸು ಹತ್ತಿತು. ಕಂಡಕ್ಟರ್ ದುರುಗಣ್ಣ ಅದನ್ನು ಕಾಲಿನಿಂದ ತಟ್ಟಿ ನೋಡಿದ.

"ಇದಕ್ಕೆ ಟಿಕೆಟ್ ಆಗ್ತೈತೆ. ವಯಸ್ಸೆಷ್ಟು?"

"ಕೋಟ್ಯಂತರ ವರ್ಷ," ಎಂದರು ಮೇಷ್ಟ್ರು, ಅಭ್ಯಾಸಬಲದಿಂದ.

"ಹಂಗಾದ್ರೆ ಹಾಫ್ ನಡೆಯಾಕಿಲ್ಲ. ಫುಲ್ ತಗಳ್ರಿ."

ಕಾಲೇಜು ಮುಟ್ಟುವಷ್ಟರಲ್ಲಿ ಕಲ್ಲು ಬಿಸಿಲಿಗೆ ಒಣಗಿತ್ತು. ಪ್ರಿನ್ಸಿಪಾಲ್ ರಾಮಚಂದ್ರಪ್ಪ ಬೆವರು ಒರೆಸಿಕೊಳ್ಳುತ್ತ ಕಾಯುತ್ತಿದ್ದರು. ಪ್ರೊಫೆಸರ್ ಬಂದರು. ಅಲೆಯ ಗೆರೆಗಳ ಮೇಲೆ ಕೈಯಾಡಿಸಿದರು. ಮೇಷ್ಟ್ರಿಗೆ ಹುರುಪು ಏರಿತು.

"ಇದು ಸುಣ್ಣಕಲ್ಲು ಸರ್, ಆಳದ ನೀರಿಂದು. ಆಸಿಡ್ ಹಾಕಿದ್ರೆ ಬುರುಗು ಬರ್ತೈತೆ." ಕಾಲೇಜಿನ ಹಳೇ ಸುಣ್ಣಕಲ್ಲಿನ ಮೇಲೆ ಹನಿ ಹಾಕಿದರು. ಬುರುಗು ಬಂತು. "ಇದು ಬಾದಾಮಿ ಗುಡ್ಡದ ಮರಳುಗಲ್ಲು, ದಡದ್ದು. ಎಷ್ಟು ಹಾಕಿದ್ರೂ ಇದು ಉಸಿರೆತ್ತಾಕಿಲ್ಲ, ನೋಡ್ರಿ."

ಹನಿ ಬಿತ್ತು. ಒಲೆಯ ಮೇಲಿಟ್ಟ ಹಾಲಿನಂತೆ ಕಲ್ಲು ಬುಸ್ಸೆಂದು ಉಕ್ಕಿತು.

ಮೇಷ್ಟ್ರಿಗೆ ಬೆಳಗಿನ ಪೊಟ್ಟಣ ನೆನಪಾಯಿತು. ಆಸಿಡ್ಡಿಗೆ ಸುಣ್ಣಕಲ್ಲು ಹೇಗೋ ಬಟ್ಟೆ ಸೋಡಾವೂ ಹಾಗೇ. ಎರಡೂ ಬುರುಗು ಬಿಡುತ್ತವೆ. ಅಂದರೆ ಉಕ್ಕುತ್ತಿರುವುದು ಸಮುದ್ರವಲ್ಲ, ಹುಲಿಗೆಮ್ಮನ ಕೌದಿ! ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು.

ಪ್ರೊಫೆಸರ್ ತಾವೇ ಇನ್ನೊಂದು ಹನಿ ಹಾಕಿದರು. ಮತ್ತೆ ಬುಸ್ಸೆಂದಿತು. ನಿಧಾನವಾಗಿ ತಲೆಯೆತ್ತಿ ಮೇಷ್ಟ್ರನ್ನು ಬಾಚಿ ತಬ್ಬಿಕೊಂಡರು.

"ಶಬ್ಬೀರ್! ದಡದ ಅಲೆಯೂ ಇದೆ, ಸುಣ್ಣವೂ ಇದೆ! ಸಮುದ್ರ ಏರ್ತಾ ಇದ್ದ ಆ ಗಳಿಗೆಯ ಪದರ ಇದು. ಬಾದಾಮಿಯ ಆ ಗುಡ್ಡದಲ್ಲಿ ಇದನ್ನ ಇದುವರೆಗೂ ಯಾರೂ ಕಂಡಿಲ್ಲ, ಗೊತ್ತಾ?"

"ಸರ್, ಅದು ಏನಂದ್ರೆ..."

ಪ್ರಿನ್ಸಿಪಾಲರು ಹಿಂದಿನಿಂದ ಜೋರಾಗಿ ಚಿವುಟಿದರು. "ನಮ್ಮ ಮೇಷ್ಟ್ರಿಗೆ ಸಂಕೋಚ ಜಾಸ್ತಿ ಸರ್. ಕಾಯಂ ಮಾಡೋ ವಿಚಾರ..."

"ಮಾಡದೆ ಬಿಡ್ತೀನಾ?" ಪ್ರೊಫೆಸರ್ ಆಸಿಡ್ ಬಾಟಲಿಯನ್ನು ಕೋಟಿನ ಜೇಬಿಗೆ ಇಳಿಸಿದರು. "ಈ ಕಲ್ಲು ನನ್ನ ಕಾರಿಗೆ ಹಾಕಿಸ್ರಿ. ನಾಡಿದ್ದು ಶಬ್ಬೀರ್ ನನ್ನನ್ನ ಬಾದಾಮಿಗೆ ಕರ್ಕೊಂಡು ಹೋಗ್ಲಿ. ಆ ಬಂಡೆಗೆ ನಾನೇ ಆಸಿಡ್ ಹಾಕಿ, ಬುರುಗು ನೋಡಿ, ಅಲ್ಲೇ ಕೂತು ಸಹಿ ಮಾಡ್ತೀನಿ."

ಸಂಜೆ ಮೇಷ್ಟ್ರು ಬರಿಗೈಯಲ್ಲಿ ವಠಾರಕ್ಕೆ ಬಂದರು. ನಲ್ಲಿಯ ಹತ್ತಿರ ಬುಟ್ಟಿಗಳ ಸಾಲಿತ್ತು.

"ನಮ್ಮ ಕಲ್ಲು ಎಲ್ಲೈತೋ?" ಹಜೀರಾಬಿ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು.

ಮೇಷ್ಟ್ರು ಇಟ್ಟಿಗೆಯ ಮೇಲೆ ಕುಸಿದು ಕೂತರು.

"ಚಾಚಿ, ಒಂದು ಗುಡ್ಡ ಒಗೀಬೇಕಂದ್ರೆ ಎಷ್ಟು ಸೋಡಾ ಹಿಡೀತೈತೆ?"